ಸಹಿ ನಂದೇ, ಬರಹ ಯಾರದು?

ಮೇಲ್ ತೆಗೆದಾಗ ಮೊದಲು ಕಣ್ಣಿಗೆ ಬಿದ್ದಿದ್ದು 61 ಅನ್ನೋ ಅಂಕಿ. ಅದು ನನ್ನ ಮಾರ್ಕ್ಸ್ ಅಂದುಕೊಂಡೆ. ಬೇಜಾರೇನೂ ಆಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಬಂದಿದ್ದೂ ಹೆಚ್ಚುಕಮ್ಮಿ ಅಷ್ಟೇ, ಇಷ್ಟು ವರ್ಷದಲ್ಲಿ ಕೆಳಗಂತೂ ಇಳಿದಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡು ಕ್ಯಾಂಟೀನಿಗೆ ಹೋಗಿ ಕಾಫಿ ಕೂಡ ಕುಡಿದು ಬಂದೆ. ವಾಪಸ್ ಬಂದು ಪೂರ್ತಿ ಓದಿದಾಗ ಗೊತ್ತಾಯಿತು, ಅದು ಮಾರ್ಕ್ಸ್ ಅಲ್ಲ. ನಾನು ಕಳಿಸಿದ ಎರಡು ಸಾವಿರ ಪದಗಳ ಪ್ರಬಂಧದಲ್ಲಿ ಶೇಕಡಾ 61ರಷ್ಟು ಭಾಗ ಬೇರೆಯವರು ಈಗಾಗಲೇ ಬರೆದದ್ದಕ್ಕೆ ಹೋಲುತ್ತದೆ ಅಂತ ಒಂದು ಸಾಫ್ಟ್‌ವೇರ್ ಹೇಳಿತ್ತು. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನನ್ನು ಸಾಫ್ಟ್‌ವೇರೇ ಹಿಡಿದುಹಾಕಿತ್ತು.

ಅದು 2016ರ ಮಾರ್ಚ್. ಬೆಂಗಳೂರಿಗೆ ಬಂದು ಹತ್ತು ವರ್ಷವಾಗಿತ್ತು. ಬರೀ ಕೋಡ್ ಬರೆಯೋದು ಸಾಕಾಗಿ, ಇನ್ನೇನಾದರೂ ಕಲೀಬೇಕು ಅನ್ನಿಸಿ, ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ಮಾಸ್ಟರ್ಸ್‌ಗೆ ಸೇರಿಕೊಂಡಿದ್ದೆ. ಹಗಲು ಆಫೀಸು, ರಾತ್ರಿ ಓದು, ತಿಂಗಳ ಕೊನೆಗೆ ಮನೆ ಸಾಲದ ಕಂತಿನ ಜೊತೆ ಇನ್ನೊಂದು ಕಂತು. ಮೊದಲ ಪೇಪರಿಗೆ ಪರೀಕ್ಷೆಯೇ ಇಲ್ಲ, ಒಂದು ಎಸ್ಸೇ ಬರೆದರೆ ಸಾಕು ಅಂದಾಗ ‘ಇಷ್ಟೇನಾ’ ಅಂದುಕೊಂಡಿದ್ದೆ. ಪ್ರಶ್ನೆ ಇದು: ಹೊಸ ತಂತ್ರಜ್ಞಾನ ಬಂದರೆ ಹಳೆಯದು ಸಾಯುತ್ತದೆ ಅನ್ನುವ ಮಾತು ಎಷ್ಟರ ಮಟ್ಟಿಗೆ ನಿಜ? ಒಂದು ಉದಾಹರಣೆ ಇಟ್ಟುಕೊಂಡು ಚರ್ಚಿಸಿ. ನಾನು ಇಂಗ್ಲೆಂಡಿನವರಿಗೆ ಖುಷಿಯಾಗಲಿ ಅಂತ ಉಗಿಬಂಡಿ ಮತ್ತು ಕುದುರೆಗಾಡಿಯ ಬಗ್ಗೆ ಬರೆದಿದ್ದೆ. ಬರೆದಿದ್ದೆ ಅಂದರೆ, ಹತ್ತು ಕಡೆಯಿಂದ ತಂದು, ಅಲ್ಲೊಂದು ಇಲ್ಲೊಂದು ಶಬ್ದ ಬದಲಿಸಿ, ಹೊಲಿದಿದ್ದೆ.

ಟ್ಯೂಟರ್ ಬೈದಿರಲಿಲ್ಲ. ಆರು ವಾರ ಕೊಡುತ್ತೇನೆ, ಮತ್ತೆ ಬರೆಯಿರಿ ಅಂದಿದ್ದರು. ಎರಡನೇ ಸಲವೂ ಹೀಗೇ ಆದರೆ ಕೋರ್ಸಿನಿಂದಲೇ ಹೊರಗೆ ಅನ್ನುವ ನಿಯಮವನ್ನು ಮೆತ್ತಗೆ ನೆನಪಿಸಿದ್ದರು. ಕೊನೆಯಲ್ಲಿ ಒಂದು ಪ್ರಶ್ನೆ: ಇದರಲ್ಲಿ ನೀವು ಎಲ್ಲಿದ್ದೀರಿ?

ನಿಜ ಹೇಳ್ತೀನಿ, ಅವಮಾನ ಆಯಿತು. ಅದಕ್ಕಿಂತ ಹೆಚ್ಚಾಗಿ ಗೊಂದಲ ಆಯಿತು. ಯಾಕಂದ್ರೆ ನಾನು ಕದ್ದಿದ್ದೀನಿ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಇಂಗ್ಲಿಷಿನಲ್ಲಿ ಬರೆಯೋದು ಅಂದರೆ ಇದೇ ಅಂತ ನಾನು ತಿಳಿದಿದ್ದೆ.

ನಮ್ಮೂರು ಚಿದ್ರಿ. ಬೀದರ್ ನಗರಕ್ಕೆ ಅಂಟಿಕೊಂಡೇ ಇರುವ ಊರು. ಈಗಂತೂ ಊರು ಎಲ್ಲಿ ಮುಗೀತು, ಸಿಟಿ ಎಲ್ಲಿ ಶುರುವಾಯ್ತು ಅಂತ ಹೇಳೋದು ಕಷ್ಟ. ನಾವು ಶಾಲೆಗೆ ಹೋಗುವಾಗ ತಲೆಯ ಮೇಲೆ ವಾಯುಪಡೆಯ ತರಬೇತಿ ವಿಮಾನಗಳು ಹಾರುತ್ತಲೇ ಇರುತ್ತಿದ್ದವು. ಮಾಸ್ತರರು ವಾಕ್ಯದ ನಡುವೆ ನಿಲ್ಲಿಸಿ, ವಿಮಾನ ಹೋದ ಮೇಲೆ ಉಳಿದರ್ಧ ಹೇಳುತ್ತಿದ್ದರು. ಐದನೇ ಕ್ಲಾಸಿಗೆ ಎಬಿಸಿಡಿ ಶುರು. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಕೈಯಲ್ಲಿ ಒಂದು ಗೈಡು. ಅದರಲ್ಲಿ ಹತ್ತು ಪ್ರಬಂಧ. ಹತ್ತರಲ್ಲಿ ಒಂದು ಪರೀಕ್ಷೆಗೆ ಬಂದೇ ಬರುತ್ತೆ, ಎಲ್ಲ ಬಾಯಿಪಾಠ ಮಾಡ್ರಿ ಅಂದಿದ್ದರು. ಮಾಡಿದೆವು.

ಅದರಲ್ಲೊಂದು ‘ಎ ರೈನಿ ಡೇ’. ಆ ಪ್ರಬಂಧದ ಹುಡುಗನಿಗೆ ಮಳೆ ಬಂದರೆ ಶಾಲೆಗೆ ರಜೆ, ಕೈಯಲ್ಲಿ ಕೊಡೆ, ನೀರಿನಲ್ಲಿ ಕಾಗದದ ದೋಣಿ, ಮನೆಯಲ್ಲಿ ಅಮ್ಮ ಬಿಸಿ ಬಿಸಿ ತಿಂಡಿ ಮಾಡಿಕೊಂಡು ಕಾಯುತ್ತಿರುತ್ತಾಳೆ. ನಮ್ಮಲ್ಲಿ ಮಳೆ ಬಂದರೆ ಹೆಸರು, ಉದ್ದು, ತೊಗರಿ ಬಿತ್ತಲಿಕ್ಕೆ ಹೊಲಕ್ಕೆ ಹೋಗಬೇಕು. ಅವ್ವ ನನಗಿಂತ ಮೊದಲೇ ಹೋಗಿರುತ್ತಿದ್ದಳು. ಮಳೆಯ ದಿನದ ಬಗ್ಗೆ ನನಗೆ ಗೊತ್ತಿದ್ದದ್ದು ಬಹಳ ಇತ್ತು. ಅದರಲ್ಲಿ ಒಂದಕ್ಷರವೂ ಪರೀಕ್ಷೆಯಲ್ಲಿ ಬರೆಯಲಿಲ್ಲ. ಆ ಹುಡುಗನ ದೋಣಿಯನ್ನೇ ಬಿಟ್ಟು ಬಂದೆ. ಹತ್ತಕ್ಕೆ ಎಂಟು ಬಂತು.

ಇಂಜಿನಿಯರಿಂಗಿಗೆ ಬಂದ ಮೇಲೆ ಇದೇ ಕತೆಯ ಮುಂದಿನ ಭಾಗ. ಸೀನಿಯರ್ ರೆಕಾರ್ಡ್ ನೋಡಿಕೊಂಡು ನಮ್ಮ ರೆಕಾರ್ಡ್ ಬರೆಯೋದು. ನನ್ನ ರೂಮ್‌ಮೇಟ್ ಒಬ್ಬ ಎಷ್ಟು ಶ್ರದ್ಧೆಯಿಂದ ಬರೆದನೆಂದರೆ ಸೀನಿಯರಿನ ರೋಲ್ ನಂಬರನ್ನೂ ಸೇರಿಸಿ ಬರೆದಿದ್ದ. ಪ್ರತಿ ಪುಟಕ್ಕೂ ಸಹಿ ಬಿತ್ತು, ಯಾರೂ ನೋಡಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಸ್ಟ್ಯಾಕ್ ಓವರ್‌ಫ್ಲೋ. ಅಲ್ಲಿಂದ ನಾಲ್ಕು ಸಾಲು ಎತ್ತಿ ಇಲ್ಲಿಗೆ ಹಾಕಿ, ಓಡಿದರೆ ಕೈಮುಗಿದು ಮುಂದಕ್ಕೆ ಹೋಗೋದು. ನೀವೂ ಮಾಡಿದ್ದೀರಿ, ಬಿಡಿ.

ಹೀಗಾಗಿ ‘ಇದರಲ್ಲಿ ನೀವು ಎಲ್ಲಿದ್ದೀರಿ’ ಅನ್ನೋ ಪ್ರಶ್ನೆ ನನಗೆ ನಿಜಕ್ಕೂ ಅರ್ಥವಾಗಲಿಲ್ಲ. ಪ್ರಬಂಧದಲ್ಲಿ ನಾನು ಇರಬೇಕು ಅಂತ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಆ ವರ್ಷ ಏಪ್ರಿಲ್ ಎಂಟಕ್ಕೆ ಯುಗಾದಿ. ಒಂದು ವಾರ ಹೆಚ್ಚು ರಜೆ ಸೇರಿಸಿಕೊಂಡು ಊರಿಗೆ ಹೋದೆ. ಭಯಂಕರ ಬರಗಾಲ. ಪಕ್ಕದ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಕಳಿಸಿದ್ದು ಅದೇ ವಾರ. ಭಾಲ್ಕಿಯಿಂದ ಬಂದ ಮಾವ, ಔರಾದಿನಿಂದ ಬಂದ ಅಕ್ಕ, ಎಲ್ಲರ ಬಾಯಲ್ಲೂ ನೀರಿನದೇ ಮಾತು. ನಾನು ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಉಗಿಬಂಡಿಯ ಜೊತೆ ಗುದ್ದಾಡುತ್ತಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕೂತ.

“ಏನ್ ಬರೀಲಾಕತ್ತೀದಿ?”

ಹೇಳಿದೆ. ಮೊದಲ ಸಲ ಬರೆದಿದ್ದು ನನ್ನದಲ್ಲ ಅಂತ ವಾಪಸ್ ಕಳಿಸಿದ್ದಾರೆ ಅಂತಲೂ ಹೇಳಿದೆ. ಅಪ್ಪನ ಮುಂದೆ ಸುಳ್ಳು ಹೇಳೋ ವಯಸ್ಸು ದಾಟಿತ್ತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, “ನಂದು ಉಲ್ಟಾ ಆಗಿತ್ತು ನೋಡು.”

ಆ ಕತೆ ನನಗೆ ಗೊತ್ತಿತ್ತು, ಆದರೆ ಅವನ ಬಾಯಿಂದ ಕೇಳಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಹೊಲದ ಅಳತೆಗೆ ಒಂದು ಅರ್ಜಿ ಕೊಡಬೇಕಿತ್ತು. ಒಂದು ಕಚೇರಿಯ ಮುಂದೆ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದ ಒಬ್ಬ ಮನುಷ್ಯ, ಇಂಗ್ಲಿಷಿನಲ್ಲಿ ಕೊಟ್ಟರೆ ಲಗೂ ಕೆಲಸ ಆಗ್ತದ, ನೀ ಸಹಿ ಹಾಕಿ ಹೋಗು, ನಾ ಆಮೇಲೆ ಬರೀತೀನಿ ಅಂದ. ಅಪ್ಪ ಎರಡು ಕೋರಾ ಕಾಗದಕ್ಕೆ ಸಹಿ ಹಾಕಿ ಕೊಟ್ಟು ಬಂದ. ಒಂದು ಅರ್ಜಿಯಾಯಿತು. ಇನ್ನೊಂದು, ರಸ್ತೆ ಬದಿಯ ಎಂಟು ಗುಂಟೆ ಬಿಟ್ಟುಕೊಡಲು ನನ್ನ ಒಪ್ಪಿಗೆ ಇದೆ ಅನ್ನುವ ಪತ್ರವಾಗಿ ಎರಡು ವರ್ಷದ ಮೇಲೆ ಎದುರಿಗೆ ಬಂತು. ಬೇವಿನ ಗಿಡ ಇದ್ದ ಜಾಗ. ಈಗ ಅಲ್ಲಿ ಲೇಔಟ್ ಇದೆ.

“ಎಲ್ಲರೂ ಒಂದೇ ಕೇಳಿದ್ರು, ಸಹಿ ನಿಂದೇ ಹೌದಲ್ಲೋ? ಹೌದು, ಸಹಿ ನಂದೇ. ಅದರ ಮ್ಯಾಲಿಂದು ನಂದಲ್ಲ. ಅದನ್ನ ಯಾರಿಗ ಹ್ಯಾಂಗ ಹೇಳ್ಬೇಕು?”

ಅಷ್ಟು ಹೇಳಿ ಎದ್ದು ಎಮ್ಮೆಗೆ ನೀರು ಕುಡಿಸಲು ಹೋದ. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಟ್ಯೂಟರ್ ಕೇಳಿದ ಪ್ರಶ್ನೆ ಆಗ ಅರ್ಥವಾಯಿತು. ಅಪ್ಪನ ಸಹಿಯ ಮೇಲೆ ಬೇರೆಯವನೊಬ್ಬ ತನ್ನ ಮಾತು ಬರೆದಿದ್ದ. ನಾನು ಬೇರೆಯವರ ಮಾತಿನ ಕೆಳಗೆ ನನ್ನ ಹೆಸರು ಹಾಕಿದ್ದೆ. ಅವನು ಮೋಸಹೋಗಿದ್ದ. ನಾನು ಫೀಸು ಕಟ್ಟಿ ಅದನ್ನೇ ಮಾಡಿಕೊಂಡಿದ್ದೆ.

ಮರುದಿನ ಊರಲ್ಲಿ ಕೂರಲಾಗದೆ ಬೀದರಿಗೆ ಹೋಗಿ ಮಹಮೂದ್ ಗವಾನನ ಮದರಸಾದಲ್ಲಿ ಕೂತೆ. ಅದು ನಮಗೆ ಕಾಲೇಜು ದಿನಗಳಿಂದ ಪುಕ್ಕಟೆ ನೆರಳು. 1472ರಲ್ಲಿ ಕಟ್ಟಿದ್ದು, ಆಮೇಲೆ ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ಸ್ಫೋಟಿಸಿ ಮುಂಭಾಗದ ಅರ್ಧ ಹೋಯಿತು, ನೀಲಿ ಹೆಂಚಿನ ಚೂರು ಈಗಲೂ ಗೋಡೆ ಮೇಲಿದೆ. ಇಷ್ಟು ಬೀದರಿನ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ನನಗೆ ಗೊತ್ತಿಲ್ಲದ ಒಂದು ವಿಷಯ ಆ ದಿನ ಮೊಬೈಲಿನಲ್ಲಿ ಓದುವಾಗ ಸಿಕ್ಕಿತು. ಪರ್ಷಿಯಾದ ಗೀಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ಪ್ರಧಾನಮಂತ್ರಿಯಾದ ಈ ಮನುಷ್ಯ ಬರೆದ ಪುಸ್ತಕಗಳಲ್ಲಿ ಒಂದರ ಹೆಸರು ‘ಮನಾಜಿರ್ ಉಲ್ ಇನ್ಶಾ’. ಗದ್ಯ ಮತ್ತು ಪತ್ರ ಬರೆಯುವುದು ಹೇಗೆ ಅನ್ನುವುದರ ಮೇಲೆ ಪರ್ಷಿಯನ್ ಭಾಷೆಯಲ್ಲಿ ಬರೆದ ಕೈಪಿಡಿ. ಅಂದರೆ ಬರವಣಿಗೆ ಕಲಿಯೋದು ಹೇಗೆ ಅಂತ ನಾನು ಯೂಟ್ಯೂಬಿನಲ್ಲಿ ಹುಡುಕುತ್ತಿದ್ದದ್ದನ್ನು ಐನೂರು ವರ್ಷಕ್ಕೂ ಹಿಂದೆ ನಮ್ಮೂರಿನಲ್ಲೇ ಒಬ್ಬ ಬರೆದಿಟ್ಟಿದ್ದ.

ಅವನ ಸಾವಿನ ಕತೆ ಮೊದಲೇ ಗೊತ್ತಿತ್ತು, ಆದರೆ ಆ ದಿನ ಬೇರೆ ಥರ ಕೇಳಿಸಿತು. ಆಸ್ಥಾನದ ವಿರೋಧಿಗಳು ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ, ಒರಿಸ್ಸಾದ ರಾಜನಿಗೆ ಬಂದು ರಾಜ್ಯದ ಮೇಲೆ ದಂಡೆತ್ತು ಅಂತ ಆಹ್ವಾನ ಕೊಡುವ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. ಮುದ್ರೆ ನನ್ನದು, ಪತ್ರ ನನ್ನದಲ್ಲ ಅಂತ ಅವನು ಹೇಳಿದನಂತೆ. ಸುಲ್ತಾನ ಕೇಳಲಿಲ್ಲ. 1481ರಲ್ಲಿ, ಎಪ್ಪತ್ತರ ಆಸುಪಾಸಿನ ಮುದುಕನ ತಲೆ ಹೋಯಿತು. ಬರೆಯೋದು ಹೇಗೆ ಅಂತ ಪುಸ್ತಕ ಬರೆದವನನ್ನು ಅವನು ಬರೆಯದ ಕಾಗದ ಕೊಂದಿತು. ಅಪ್ಪನಿಗೆ ಹೋದದ್ದು ಎಂಟು ಗುಂಟೆ ಮಾತ್ರ.

ಉಗಿಬಂಡಿಯನ್ನು ಅಲ್ಲಿಯೇ ಬಿಟ್ಟೆ. ನನಗೆ ಗೊತ್ತಿರೋದರ ಬಗ್ಗೆ ಬರೀಬೇಕು ಅಂತ ತೀರ್ಮಾನಿಸಿದೆ. ಗೊತ್ತಿದ್ದದ್ದು ನೀರು.

ನೌಬಾದಿನಲ್ಲಿ ಒಂದು ಸುರಂಗ ಬಾವಿ ಇದೆ, ಕರೇಜ್ ಅಂತಾರೆ. ಬಹಮನಿ ಕಾಲದ್ದು, ಪರ್ಷಿಯಾದಿಂದ ಬಂದ ವಿದ್ಯೆ. ನೆಲದೊಳಗೆ ಸ್ವಲ್ಪವೇ ಇಳಿಜಾರಾಗಿ ಸುರಂಗ ಕೊರೆದು, ಎತ್ತರದ ಕಡೆ ಜಿನುಗುವ ಅಂತರ್ಜಲವನ್ನು ತಗ್ಗಿನ ಕಡೆಗೆ ತಾನಾಗಿಯೇ ಹರಿಯುವಂತೆ ಮಾಡೋದು. ಪಂಪ್ ಬೇಡ, ಕರೆಂಟ್ ಬೇಡ. ನಮ್ಮ ಬೀದರಿನ ಕೆಂಪು ಜಂಬಿಟ್ಟಿಗೆ ಮಳೆ ನೀರನ್ನು ಹೀರಿಕೊಳ್ಳುತ್ತದೆ, ಅದರ ಕೆಳಗಿನ ಗಟ್ಟಿ ಕಪ್ಪುಬಂಡೆ ಅದನ್ನು ಸುಲಭಕ್ಕೆ ಇನ್ನೂ ಕೆಳಗೆ ಬಿಡೋದಿಲ್ಲ. ಆ ನಡುವಿನ ನೀರನ್ನು ಹಿಡಿಯುವ ಲೆಕ್ಕಾಚಾರ ಇದು. ಎರಡು ಕಿಲೋಮೀಟರಿಗೂ ಉದ್ದದ ಸುರಂಗ, ಮೇಲಿನಿಂದ ಗಾಳಿ ಬೆಳಕಿಗೆ ಮತ್ತು ಹೂಳು ತೆಗೆಯಲಿಕ್ಕೆ ಅಂತ ಸಾಲಾಗಿ 21 ಬಾವಿಗಳು. ದಶಕಗಟ್ಟಲೆ ಹೂಳು, ಕಸ ತುಂಬಿ ಕೂತಿದ್ದ ಅದನ್ನು ಸ್ವಚ್ಛ ಮಾಡುವ ಕೆಲಸ ಆ ಒಂದೆರಡು ವರ್ಷದಲ್ಲಿ ಶುರುವಾಗಿತ್ತು.

ಹೋಗಿ ನೋಡಿದೆ. ಬಾಯಿಂದ ಬಾಯಿಗೆ ನಡೆದುಕೊಂಡು ಹೋದರೆ ಕೆಳಗಿನ ಸುರಂಗ ಯಾವ ಕಡೆ ಹೋಗ್ತಿದೆ ಅಂತ ಮೇಲಿಂದಲೇ ಗೊತ್ತಾಗುತ್ತೆ. ಇಂಗ್ಲಿಷ್ ಪ್ರಬಂಧದಲ್ಲಿ ಪ್ರತಿ ಪ್ಯಾರಾದ ಮೊದಲ ವಾಕ್ಯ ಇರಬೇಕಾದದ್ದೂ ಹೀಗೇ ಅಂತ ನನಗೆ ಅಲ್ಲಿ ಹೊಳೆಯಿತು. ಆ ವಾಕ್ಯಗಳನ್ನಷ್ಟೇ ಒಂದರ ಕೆಳಗೊಂದು ಓದಿದರೂ ವಾದ ಎಲ್ಲಿಂದ ಎಲ್ಲಿಗೆ ಹರೀತಿದೆ ಅಂತ ಗೊತ್ತಾಗಬೇಕು. ಒಂದು ಬಾಯಿ ಮುಚ್ಚಿಹೋದರೆ ಓದುಗ ದಾರಿ ತಪ್ಪುತ್ತಾನೆ.

ಬೆಂಗಳೂರಿಗೆ ವಾಪಸ್ ಬಂದು ಕೂತೆ. ಮೊದಲ ಪಾಠ: ಪ್ರಶ್ನೆಯನ್ನು ಓದೋದು. ನಗಬೇಡಿ. ‘ಎಷ್ಟರ ಮಟ್ಟಿಗೆ’ ಅನ್ನುವ ಶಬ್ದವನ್ನು ನಾನು ಮೊದಲ ಸಲ ನೋಡಿಯೇ ಇರಲಿಲ್ಲ. ಅದು ಹೌದು ಅಥವಾ ಅಲ್ಲ ಅಂತ ಕೇಳೋದಿಲ್ಲ. ಎಲ್ಲಿಯವರೆಗೆ ಹೌದು, ಎಲ್ಲಿಂದ ಅಲ್ಲ ಅಂತ ಗೆರೆ ಎಳೆಯಲು ಕೇಳುತ್ತದೆ. ಗೊತ್ತಿದ್ದದ್ದನ್ನೆಲ್ಲ ಸುರಿದು ಬಂದರೆ ಗೈಡಿನ ಕಾಲದಲ್ಲಿ ಮಾರ್ಕ್ಸ್ ಬರುತ್ತಿತ್ತು, ಇಲ್ಲಿ ಬರೋದಿಲ್ಲ.

ಎರಡನೇ ಪಾಠ: ಒಂದೇ ವಾಕ್ಯದಲ್ಲಿ ಉತ್ತರ. ನಾನು ಬರೆದ ವಾಕ್ಯ, ‘ನೌಬಾದಿನ ಕರೇಜ್ ಬಹಳ ಮಹತ್ವದ ಪಾರಂಪರಿಕ ಜಲವ್ಯವಸ್ಥೆ.’ ಟ್ಯೂಟರ್ ಕೇಳಿದರು, ಇದನ್ನು ಅಲ್ಲ ಅನ್ನುವವರು ಯಾರಾದರೂ ಇದ್ದಾರಾ? ಇಲ್ಲ ಅಂದೆ. ಹಾಗಾದರೆ ಇದು ವಾದವಲ್ಲ, ಗೋಡೆಬರಹ ಅಂದರು. ಯಾರೋ ಒಬ್ಬರಾದರೂ ತಕರಾರು ತೆಗೆಯಲು ಜಾಗ ಇರುವ ಮಾತು ಹೇಳಬೇಕಂತೆ. ಮೂರು ದಿನ ಒದ್ದಾಡಿ ಬರೆದೆ, ‘ಬೋರ್‌ವೆಲ್ ಬಂದದ್ದರಿಂದ ಕರೇಜಿನಂಥ ವ್ಯವಸ್ಥೆಗಳು ಸತ್ತವು.’ ಸರಿ, ಮುಂದುವರಿಯಿರಿ ಅಂದರು.

ಮೂರನೇ ಪಾಠ ನನಗೆ ಬಹಳ ಕಷ್ಟವಾದದ್ದು. ಹೇಳಬೇಕಾದದ್ದನ್ನು ಮೊದಲೇ ಹೇಳೋದು. ನಮ್ಮ ಕಡೆ ಸಾಲ ಕೇಳಲು ಬಂದವನು ಮೊದಲು ಮಳೆಯ ವಿಚಾರ ಮಾತಾಡುತ್ತಾನೆ, ಆಮೇಲೆ ಎಮ್ಮೆ, ಆಮೇಲೆ ಮಗಳ ಮದುವೆ. ಚಹಾ ಕುಡಿದು, ಎದ್ದು, ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ ‘ಒಂದ್ ಎರಡ್ ಸಾವಿರ ಇದ್ರ ಬೇಕಾಗಿತ್ತು’ ಅಂತಾನೆ. ಅದು ಮರ್ಯಾದೆ. ನಮ್ಮ ಕನ್ನಡ ವಾಕ್ಯದಲ್ಲೂ ಕ್ರಿಯಾಪದ ಕೊನೆಗೇ ಬರೋದು, ಅಲ್ಲಿಯವರೆಗೆ ಕಾಯಬೇಕು. ಇಂಗ್ಲಿಷ್ ಪ್ರಬಂಧ ಹಾಗಲ್ಲ. ಬಾಗಿಲು ತೆಗೆದ ತಕ್ಷಣ ಎರಡು ಸಾವಿರ ಬೇಕು ಅನ್ನಬೇಕು, ಯಾಕೆ ಬೇಕು ಅಂತ ಆಮೇಲೆ ಒಳಗೆ ಕೂತು ವಿವರಿಸಬೇಕು. ನಾನು ಮೂರು ಪ್ಯಾರಾ ಬೀದರಿನ ಇತಿಹಾಸ ಬರೆದು ನಾಲ್ಕನೆಯದರಲ್ಲಿ ವಿಷಯಕ್ಕೆ ಬಂದಿದ್ದೆ. ಮೂರನ್ನೂ ಅಳಿಸಿದೆ. ಒಂದು ರಾತ್ರಿಯ ಕೆಲಸ ಹೋಯಿತು. ಪ್ರಬಂಧಕ್ಕೆ ಏನೂ ಆಗಲಿಲ್ಲ.

ಮೊದಲ ಡ್ರಾಫ್ಟನ್ನು ನಾನು ಪೂರ್ತಿ ಇಂಗ್ಲಿಷಿನಲ್ಲಿ ಬರೆಯಲೂ ಇಲ್ಲ. ಇಂಗ್ಲಿಷ್ ಶಬ್ದ ಸಿಗದ ಕಡೆ ಕನ್ನಡದಲ್ಲೇ ಬರೆದು ಮುಂದೆ ಹೋದೆ. ಶಬ್ದ ಹುಡುಕುತ್ತಾ ಕೂತರೆ ವಿಚಾರ ಎದ್ದು ಹೋಗುತ್ತೆ. ಹಾಗೆ ಹುಡುಕುವಾಗಲೇ ನಾನು ಮೊದಲು ಬೇರೆಯವರ ವಾಕ್ಯಗಳನ್ನು ಎತ್ತಿಕೊಂಡಿದ್ದು. ಬರೆದು ಮುಗಿಸಿ ಎರಡು ದಿನ ಮುಟ್ಟಲಿಲ್ಲ. ಆಮೇಲೆ ಪ್ರತಿ ಪ್ಯಾರಾದ ಪಕ್ಕದಲ್ಲಿ, ‘ಇದು ಏನು ಹೇಳುತ್ತೆ’ ಅಂತ ಐದು ಶಬ್ದದಲ್ಲಿ ಬರೆದೆ. ಎರಡು ಪ್ಯಾರಾ ಒಂದೇ ಮಾತು ಹೇಳುತ್ತಿದ್ದವು. ಒಂದಂತೂ ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ಚಂದ ಇತ್ತು. ಆಫೀಸಿನಲ್ಲಿ ಯಾರೂ ಕರೆಯದ ಫಂಕ್ಷನ್ ಕಂಡರೆ ಯೋಚಿಸದೆ ಡಿಲೀಟ್ ಮಾಡುವವನು, ಆ ಚಂದದ ಪ್ಯಾರಾ ತೆಗೆಯಲು ಅರ್ಧ ಗಂಟೆ ತೆಗೆದುಕೊಂಡೆ.

ಎಲ್ಲ ಮುಗಿಯಿತು ಅಂತ ಒಂದು ಭಾನುವಾರ ಅಪ್ಪನಿಗೆ ಫೋನ್ ಮಾಡಿ, ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಜೋರಾಗಿ ಓದಿದರೆ ತಪ್ಪು ಕಿವಿಗೆ ಬೀಳುತ್ತೆ ಅಂತ ಎಲ್ಲೋ ಓದಿದ್ದೆ. ತಪ್ಪು ಬಿದ್ದದ್ದು ಅಪ್ಪನ ಕಿವಿಗೆ.

“ಬೋರ್ ಬಂದದ್ದಕ್ಕ ಬಾವಿ ಸತ್ತಿಲ್ಲೋ.”

“ಮತ್ತ?”

“ನಮ್ಮ ಊರ ಬಾವಿ ನೋಡು. ವರ್ಷಾ ಮಳಿಗಾಲಕ್ಕ ಮುಂಚೆ ಮನಿಗೊಬ್ಬ ಬಂದು ಹೂಳು ತೆಗೀತಿದ್ವಿ. ನಮ್ಮಪ್ಪನ ಕಾಲದಾಗೂ, ನನ್ನ ಕಾಲದಾಗೂ. ಬೋರ್ ಬರೋಕಿಂತ ನಾಕೈದು ವರ್ಷ ಮೊದಲೇ ಜನ ಬರೋದು ನಿಂತಿತ್ತು. ಒಬ್ಬರು ಬರ್ಲಿಲ್ಲಂದ್ರ ಇನ್ನೊಬ್ಬರು ಯಾಕ ಬರ್ತಾರ? ಬಾವಿ ಹೂಳಿತು. ಅದಕ್ಕ ಬೋರ್ ಬೇಕಾಯ್ತು. ನೀ ಹಿಂದಿಂದು ಮುಂದ ಮಾಡಿ ಬರ್ದೀದಿ.”

ಸಲ್ಲಿಸಲು ಒಂಬತ್ತು ದಿನ ಉಳಿದಿತ್ತು. ನನಗೆ ನಿಜವಾಗಿ ಸಿಟ್ಟು ಬಂತು. ಅಪ್ಪನ ಮಾತು ಕೇಳಿದರೆ ಅರ್ಧ ಪ್ರಬಂಧ ಬಿಚ್ಚಬೇಕು. ಕೇಳದಿದ್ದರೆ, ಅದು ತಪ್ಪು ಅಂತ ಗೊತ್ತಿದ್ದೂ ಅದರ ಕೆಳಗೆ ನನ್ನ ಹೆಸರು ಹಾಕಬೇಕು. ಆ ರಾತ್ರಿ ಅರ್ಧ ಬಿಚ್ಚಿದೆ.

ಅಲ್ಲಿಯವರೆಗೆ ರಿವಿಜನ್ ಅಂದರೆ ಕಾಮಾ ಸರಿಮಾಡೋದು, ಸ್ಪೆಲ್ಲಿಂಗ್ ನೋಡೋದು ಅಂದುಕೊಂಡಿದ್ದೆ. ಅದು ಕೊನೆಯ ಹತ್ತು ನಿಮಿಷದ ಕೆಲಸ. ರಿವಿಜನ್ ಅಂದರೆ ನನ್ನ ಮನಸ್ಸು ಬದಲಾಗೋದು. ಹೊಸ ವಾಕ್ಯ ಹೀಗಾಯಿತು: ಹಳೆಯ ವ್ಯವಸ್ಥೆ ಸೋಲುವುದು ಯಾವಾಗಲೂ ಹೊಸ ಯಂತ್ರಕ್ಕಲ್ಲ, ಅದನ್ನು ನೋಡಿಕೊಳ್ಳುವ ಕೆಲಸ ಯಾರದೂ ಅಲ್ಲ ಅಂತಾದಾಗ ಅದು ಸೋಲಬಹುದು, ಯಂತ್ರ ಆ ಖಾಲಿ ಜಾಗಕ್ಕೆ ಬರುತ್ತದೆ.

‘ಸೋಲಬಹುದು’ ಅನ್ನುವುದನ್ನು ಗಮನಿಸಿ. ಮೊದಲು ‘ಸೋಲುತ್ತದೆ’ ಅಂತ ಗಟ್ಟಿಯಾಗಿ ಬರೆದಿದ್ದೆ. ಚಿದ್ರಿಯ ಒಂದು ಬಾವಿಯ ಬಗ್ಗೆ ನಿಮ್ಮ ತಂದೆ ಹೇಳಿದ್ದು ನೌಬಾದಿನ ಕರೇಜಿಗೂ ಸಾಕ್ಷಿಯಾಗುತ್ತದೆಯೇ ಅಂತ ಟ್ಯೂಟರ್ ಕೇಳಿದರು. ಆಗೋದಿಲ್ಲ, ಸುಳಿವು ಕೊಡುತ್ತೆ ಅಷ್ಟೇ. ಅಷ್ಟೇ ಆದರೆ ಅಷ್ಟೇ ಬರೆಯಿರಿ ಅಂದರು. ಇದನ್ನು ಕಲಿಯಲು ನಾನು ಇಂಗ್ಲೆಂಡಿಗೆ ಫೀಸು ಕಟ್ಟಬೇಕಿರಲಿಲ್ಲ. ನಮ್ಮಜ್ಜಿ ಯಾವ ಸುದ್ದಿ ಹೇಳಿದರೂ ಕೊನೆಗೆ ‘ಅಂತ’ ಸೇರಿಸುತ್ತಿದ್ದಳು, ತಾನು ಕಂಡದ್ದಲ್ಲ, ಕೇಳಿದ್ದು ಅಂತ. ಬಂದಾನಂತ, ಮಾಡ್ಯಾಳಂತ. ಯಾರಂದ್ರು ಅಂದರೆ ಹೆಸರೂ ಹೇಳುತ್ತಿದ್ದಳು. ಅದೇ ಸೈಟೇಷನ್. ಅಕ್ಷರ ಬಾರದ ಮುದುಕಿಗೆ ಇದ್ದ ಈ ಶಿಸ್ತು, ಬಿಇ ಮುಗಿಸುವಷ್ಟರಲ್ಲಿ ನನ್ನಿಂದ ಹೋಗಿತ್ತು.

ಇನ್ನೊಂದು ತೊಡಕು ಉಳಿದಿತ್ತು. ಹೂಳಿನ ಮಾತು ನನ್ನದಲ್ಲ, ಅಪ್ಪನದು. ಪುಸ್ತಕದಲ್ಲಿ ಇಲ್ಲ, ಇಂಟರ್ನೆಟ್ಟಿನಲ್ಲಿ ಇಲ್ಲ. ಅದನ್ನು ಹೇಗೆ ಹಾಕಬೇಕು ಅಂತ ಕೇಳಿದೆ. ಟ್ಯೂಟರ್ ಸಲೀಸಾಗಿ ಹೇಳಿದರು: ಅವರ ಅನುಮತಿ ಕೇಳಿ, ಹೆಸರು ಹಾಕಿ, ವೈಯಕ್ತಿಕ ಸಂಭಾಷಣೆ ಅಂತ ಬರೆದು ತಾರೀಖು ಹಾಕಿ. ದೊಡ್ಡ ದೊಡ್ಡ ಪ್ರೊಫೆಸರುಗಳ ಹೆಸರು ಬರುವ ಥರವೇ, ಅದೇ ಸಾಲಿನಲ್ಲಿ, ಅದೇ ಅಕ್ಷರದಲ್ಲಿ.

ಅಪ್ಪನಿಗೆ ಮತ್ತೆ ಫೋನ್ ಮಾಡಿ ನಿನ್ನ ಹೆಸರು ಹಾಕಲಾ ಅಂದೆ. “ಏನ್ ಬರ್ದು ಹಾಕ್ತಿ, ಅದು ಮೊದ್ಲ ಓದು” ಅಂದ. ಓದಿದೆ. ಒಂದು ಕಡೆ ತಡೆದು, “ನಾಕೈದು ವರ್ಷ ಅಂದೀನಿ, ಐದು ಅಂತ ಹಾಕ್ಬ್ಯಾಡ” ಅಂದ. ತಿದ್ದಿದೆ. ಆಮೇಲೆ “ಹಾಕು” ಅಂದ.

ಜುಲೈನಲ್ಲಿ ಫಲಿತಾಂಶ ಬಂತು. 58. ಈ ಸಲ ನಿಜವಾಗಿಯೂ ಮಾರ್ಕ್ಸು. ಪಾಸಾಗಲು ಐವತ್ತು ಸಾಕಿತ್ತು. ವಾಕ್ಯರಚನೆಯಲ್ಲಿ ತಪ್ಪುಗಳಿವೆ, ‘ದಿ’ ಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ ಅಂತ ಬರೆದಿದ್ದರು. ಹೌದು, ಅದು ಇವತ್ತಿಗೂ ಹಾಗೇ ಇದೆ. ಹೋಲಿಕೆಯ ಲೆಕ್ಕ ಎಷ್ಟು ಬಂತು ಅಂತ ನೋಡಿದೆ, ಶೇಕಡಾ ಆರು. ಅದೂ ಉದ್ಧರಣೆ ಚಿಹ್ನೆಯೊಳಗೆ ಹೆಸರು ಹೇಳಿ ತಂದ ಮಾತುಗಳು. 61 ಕಂಡು ಕಾಫಿ ಕುಡಿದವನು 58 ಕಂಡು ರಜೆ ಹಾಕಿ ಮನೆಗೆ ಹೋದೆ. ಮುಂದಿನ ಪ್ರಬಂಧಗಳಲ್ಲಿ ಮಾರ್ಕ್ಸ್ ಸ್ವಲ್ಪ ಹೆಚ್ಚಾಯಿತು, ಕೋರ್ಸೂ ಮುಗಿಯಿತು. ಆದರೆ ಹೇಳಿಕೊಳ್ಳಬೇಕು ಅನ್ನಿಸೋದು ಇದೊಂದನ್ನೇ.

ಕೆಲಸದಲ್ಲೂ ಒಂದು ಬದಲಾವಣೆ ಆಗಿದೆ. ಈಗ ಟೀಮಿಗೆ ಹೊಸದಾಗಿ ಸೇರುವ ಹುಡುಗರಲ್ಲಿ ಹಾವೇರಿ, ರಾಯಚೂರು, ಯಾದಗಿರಿ ಕಡೆಯವರು ಇರುತ್ತಾರೆ. ಡಿಸೈನ್ ಡಾಕ್ಯುಮೆಂಟ್ ಬರೆಯೋಕೆ ಕೊಟ್ಟರೆ ‘ಸರ್, ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ’ ಅಂತ ಹಿಂಜರಿಯುತ್ತಾರೆ. ಎಲ್ಲಿಂದಲೋ ಎತ್ತಿದ ನುಣುಪಾದ ಪ್ಯಾರಾಗಳನ್ನು ತರುತ್ತಾರೆ. ನಾನು ಇಂಗ್ಲಿಷ್ ತಿದ್ದೋದಿಲ್ಲ. ಇದರಲ್ಲಿ ನೀನು ಹೇಳ್ತಿರೋದು ಯಾವುದು, ಕನ್ನಡದಲ್ಲೇ ಹೇಳು ಅಂತೀನಿ. ಹೆಚ್ಚಿನ ಸಲ ಅವರ ಹತ್ತಿರ ಹೇಳೋದು ಇರುತ್ತೆ. ಯಾರೂ ಕೇಳಿರೋದಿಲ್ಲ ಅಷ್ಟೇ.

ಆ ದಸರೆಗೆ ಊರಿಗೆ ಹೋದಾಗ ಪ್ರಬಂಧವನ್ನು ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ಪುಟ ತಿರುವಿದ. ಇಂಗ್ಲಿಷ್ ಬರೋದಿಲ್ಲ, ಆದರೆ ತನ್ನ ಹೆಸರಿನ ಅಕ್ಷರ ಗುರುತು ಹಿಡಿಯುತ್ತಾನೆ. ಏಳನೇ ಪುಟದಲ್ಲಿ ಸಿಕ್ಕಿತು. ಬೆರಳು ಅಲ್ಲೇ ಇಟ್ಟು, “ಇದರ ಮ್ಯಾಲ ಏನ್ ಬರ್ದದ?” ಅಂದ.

ಫೋನಿನಲ್ಲಿ ಒಮ್ಮೆ ಓದಿದ್ದೆನಲ್ಲ ಅಂತ ಬಾಯಿಗೆ ಬಂದಿತ್ತು, ಹೇಳಲಿಲ್ಲ. ಹೆಸರಿನ ಹಿಂದಿನ ನಾಲ್ಕು ಸಾಲನ್ನು ಒಂದೊಂದೇ ಶಬ್ದವಾಗಿ ಕನ್ನಡಕ್ಕೆ ತಂದು ಹೇಳಿದೆ. ಹೂಳು, ಮನಿಗೊಬ್ಬರು, ನಾಕೈದು ವರ್ಷ.

“ಹೌದು” ಅಂದ. “ಇದು ನಾ ಅಂದಿದ್ದೇ.”

ಕಾಗದವನ್ನು ಮಡಿಚಿ, ಹೊಲದ ಪಹಣಿ ಇಡುವ ಟ್ರಂಕಿನಲ್ಲಿ ಇಟ್ಟ.